ನೆಲದೊಳಗೊಂದು ಬೇಲಿ: ಅರ್ಧ ಇಂಚಿನ ಜಿಐ ವೆಲ್ಡ್ ಜಾಲರಿ, ಮೂರು ಸೀಸನ್ ಬಳಸಿದ ಮೇಲೆ

ಗೆಡ್ಡೆ ತಿನ್ನುವ ಪ್ರಾಣಿಗಳನ್ನು ತಡೆಯಲು ಮಣ್ಣಿನೊಳಗೆ ಹಾಕುವ ಈ ಜಾಲರಿಗೆ (ಜಿಐ ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ) ಹತ್ತಕ್ಕೆ ಎಂಟು ಅಂಕ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆ ಎಂಟು ಎಲ್ಲಿಂದ ಬಂತು, ಉಳಿದ ಎರಡು ಎಲ್ಲಿ ಹೋಯಿತು ಅನ್ನುವ ಲೆಕ್ಕ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೆ ಲೆಕ್ಕದ ನೋಟ್‌ಬುಕ್ ಹೂದೋಟಕ್ಕೆ ಬಂತು. ಎಷ್ಟು ಗೆಡ್ಡೆ ನೆಟ್ಟೆ, ಎಷ್ಟು ಮೊಳಕೆ ಬಂತು, ಎಷ್ಟು ಹೂ ಬಿಟ್ಟಿತು, ಎಷ್ಟನ್ನು ಪ್ರಾಣಿಗಳು ತಿಂದವು, ಎಲ್ಲ ತಾರೀಖಿನ ಸಮೇತ ಬರೆದಿಟ್ಟಿದ್ದೇನೆ.

ನಮ್ಮ ಮನೆ ಧಾರವಾಡದ ಕೆಲಗೇರಿ ಕಡೆ. ಹಿತ್ತಲಿನ ಗೋಡೆ ದಾಟಿದರೆ ಖಾಲಿ ಸೈಟುಗಳು, ಅದರಾಚೆ ಹೊಲ. ನವಿಲು ಕೂಗುವುದು ಬೆಳಗಿನ ಹಾಲಿನವನಿಗಿಂತ ಮೊದಲು. ಇಂಥ ಜಾಗದಲ್ಲಿ ಹೂವಿನ ಗೆಡ್ಡೆ ನೆಡುವುದೆಂದರೆ ಊಟದ ಎಲೆ ಹಾಕಿಟ್ಟ ಹಾಗೆ. 2021ರ ಅಕ್ಟೋಬರ್‌ನಲ್ಲಿ 60 ಗ್ಲಾಡಿಯೋಲಸ್ ಗೆಡ್ಡೆ ನೆಟ್ಟೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಆರತಿ’, ‘ಪೂನಂ’ ತಳಿಗಳು. ಬಹಳ ಆಸೆಯಿಂದ ತರಿಸಿದ್ದು. ಅಕ್ಟೋಬರ್‌ನಲ್ಲಿ ನೆಟ್ಟರೆ ಸುಮಾರು 80 ದಿನಕ್ಕೆ ಹೂ. ಹೊಸ ವರ್ಷಕ್ಕೆ ಮನೆ ತುಂಬ ಹೂ ಅಂತ ಎಣಿಸಿದ್ದೆ. ದೀಪಾವಳಿ ಮುಗಿಯುವ ಹೊತ್ತಿಗೆ 43 ಗೆಡ್ಡೆ ಹೋಗಿದ್ದವು. ಉಳಿದ 17ರಲ್ಲಿ ಕೆಲವು ಅರ್ಧ ಕಚ್ಚಿದವು.

ಅವತ್ತು ಬೆಳಿಗ್ಗೆ ಮಡಿಯ ಮುಂದೆ ಕೂತು ಅತ್ತುಬಿಟ್ಟೆ. ಗೆಡ್ಡೆಗೆ ಕೊಟ್ಟ ದುಡ್ಡಿಗಲ್ಲ. ಮೊಳಕೆಯ ಹಸಿರು ತುದಿ ಮಣ್ಣಿನ ಮೇಲೆ ಬಿದ್ದಿತ್ತು, ಕೆಳಗೆ ಏನೂ ಇರಲಿಲ್ಲ. ನಮ್ಮ ಅತ್ತೆಯವರಿಗೆ 84 ವರ್ಷ. ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತು, "ಅಳಬ್ಯಾಡವಾ, ಯಾವ್ದು ತಿಂದೈತಿ ಮೊದಲ ಅದನ್ನ ನೋಡು" ಅಂದರು. ಇಡೀ ಕಥೆಯಲ್ಲಿ ಅತಿ ಉಪಯೋಗಕ್ಕೆ ಬಂದ ಮಾತು ಇದೇ.

ಯಾಕೆಂದರೆ ತಿನ್ನುವ ಪ್ರಾಣಿ ಬೇರೆಯಾದರೆ ತಡೆಯುವ ದಾರಿಯೂ ಬೇರೆ. ಹೆಗ್ಗಣ ಬರುವುದು ರಾತ್ರಿ. ಓರೆಯಾಗಿ ಬಿಲ ಕೊರೆದು ನೆಲದೊಳಗಿಂದ ಬರುತ್ತದೆ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಗೆಡ್ಡೆ ಪೂರ್ತಿ ಮಾಯ, ಮೇಲಿನ ಮೊಳಕೆ ಮಾತ್ರ ಬಾಡಿ ಮಲಗಿರುತ್ತದೆ. ಅಳಿಲು, ಕೆಲವರ ಬಾಯಲ್ಲಿ ಇಣಚಿ, ಹಗಲಿನ ಪ್ರಾಣಿ. ಹೊಸದಾಗಿ ಕೆದಕಿದ ಸಡಿಲ ಮಣ್ಣು ಕಂಡರೆ ಸಾಕು, ಒಂದೆರಡು ಇಂಚು ತೋಡಿ ನೋಡುತ್ತದೆ. ಕುಂಡದಲ್ಲಿ ಸಣ್ಣ ಸಣ್ಣ ಗುಳಿ ಕಂಡರೆ ಅದೇ. ನವಿಲು ಕಾಲಿನಿಂದ ಕೆದರಿ ಎಳೆ ಮೊಳಕೆ ಕುಕ್ಕುತ್ತದೆ, ಗೆಡ್ಡೆ ಅಲ್ಲೇ ಬಿಡುತ್ತದೆ. ಮಂಗ ಇಡೀ ಗಿಡ ಕಿತ್ತು, ಒಂದು ಸಲ ಕಚ್ಚಿ ನೋಡಿ, ಎಸೆಯುತ್ತದೆ. ಮುಳ್ಳುಹಂದಿ ನಮ್ಮ ಮನೆಗೆ ಬಂದಿಲ್ಲ. ಊರಾಚೆ ಹೊಲ ಇರುವವರಿಗೆ ಅದರ ಗುರುತು ಹೇಳಿಕೊಡಬೇಕಾಗಿಲ್ಲ, ಆಳವಾದ ಗುಂಡಿ ಮತ್ತು ಬಿದ್ದ ಮುಳ್ಳು ಸಾಕು.

ನಮ್ಮ 43ರ ಪಕ್ಕದಲ್ಲಿ ಮೂರು ಮಣ್ಣಿನ ಗುಡ್ಡೆ ಇದ್ದವು. ಅಂದರೆ ಹೆಗ್ಗಣ.

ಇನ್ನೊಂದು ತಪ್ಪು ಗೊತ್ತಾಯಿತು. ಮಡಿಗೆ ಶೇಂಗಾ ಹಿಂಡಿ ಹಾಕಿದ್ದೆ. ಗೆಡ್ಡೆಗೆ ಒಳ್ಳೆ ಗೊಬ್ಬರ ಅಂತ ಎಲುಬಿನ ಪುಡಿಯನ್ನೂ ಬೆರೆಸಿದ್ದೆ. ಇವೆರಡರ ವಾಸನೆಗೇ ಹೆಗ್ಗಣ, ಬೀದಿನಾಯಿ ಎಲ್ಲ ಬಂದು ನೆಲ ಕೆದಕುತ್ತವೆ. ಈಗ ಬೇವಿನ ಹಿಂಡಿ ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಷ್ಟೇ. ಜಾಲರಿ ಕೊಳ್ಳುವ ಮೊದಲೇ ನೀವು ಮಾಡಬಹುದಾದ ಕೆಲಸ ಇದು, ಖರ್ಚೂ ಇಲ್ಲ.

ಜಾಲರಿಗೆ ಬರುವ ಮೊದಲು ಏನೇನು ಮಾಡಿ ಸೋತೆ ಅನ್ನುವುದನ್ನೂ ಹೇಳಬೇಕು. ಅದರಿಂದ ನಿಮ್ಮ ದುಡ್ಡು ಉಳಿಯುತ್ತದೆ.

ಮೊದಲು ಖಾರದ ಪುಡಿ. ಹಾವೇರಿಯಲ್ಲಿರುವ ಚಿಕ್ಕಮ್ಮ ವರ್ಷಕ್ಕೊಮ್ಮೆ ಬ್ಯಾಡಗಿ ಮಾರ್ಕೆಟ್ಟಿನಿಂದ ‘ಡಬ್ಬಿ’ ತಳಿಯ ಮೆಣಸಿನಕಾಯಿ ಕಳಿಸುತ್ತಾರೆ. ಹಳೇದು ಎರಡು ಕಿಲೋ ಉಳಿದಿತ್ತು, ಪುಡಿ ಮಾಡಿಸಿ ಮಡಿಗೆ ಚೆಲ್ಲಿದೆ. ಮಣ್ಣು ಕೆಂಪಾಯಿತು, ಹೆಗ್ಗಣ ಬರುತ್ತಲೇ ಇತ್ತು. ಯೋಚಿಸಿದರೆ ಕಾರಣ ಗೊತ್ತಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಬಣ್ಣದಿಂದ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದೂ ಆ ಗುಣಕ್ಕಾಗಿಯೇ. ಹೆಚ್ಚು ಖಾರದ ಗುಂಟೂರು ಪುಡಿ ತಂದು ಹಾಕಿದಾಗ ಅಳಿಲು ನಾಲ್ಕು ದಿನ ದೂರ ಇತ್ತು. ಒಂದು ಸಲ ನೀರು ಹಾಕಿದರೆ ಮತ್ತೆ ಹಾಕಬೇಕು. ನವಿಲಿಗಂತೂ ಯಾವ ಖಾರವೂ ತಟ್ಟುವುದಿಲ್ಲ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ಗೊತ್ತೇ ಆಗುವುದಿಲ್ಲ, ಸಸ್ತನಿಗಳಿಗೆ ಮಾತ್ರ ಉರಿಯುತ್ತದೆ. ಗಿಳಿ ಹಸಿಮೆಣಸಿನಕಾಯಿ ತಿನ್ನುವುದು ನಾವೆಲ್ಲ ನೋಡಿದ್ದೇ ಅಲ್ವಾ?

ಆಮೇಲೆ ಸೋಲಾರ್‌ನಿಂದ ನಡೆಯುವ, ಮನುಷ್ಯರಿಗೆ ಕೇಳಿಸದ ಶಬ್ದ ಮಾಡಿ ಪ್ರಾಣಿ ಓಡಿಸುತ್ತದೆ ಅನ್ನುವ ಗೂಟ. ಆನ್‌ಲೈನ್‌ನಲ್ಲಿ ಎರಡು ತರಿಸಿದೆ. ಮೂರನೇ ವಾರ ಹೆಗ್ಗಣ ಆ ಗೂಟದ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಬಿಲ ತೋಡಿತ್ತು. ಅಂಥ ಶಬ್ದ ಮಣ್ಣಿನೊಳಗೆ ಹೋಗುವುದಿಲ್ಲ. ಹೊರಗೆ ಕೇಳಿಸಿದರೂ ಪ್ರಾಣಿಗಳಿಗೆ ಕೆಲವೇ ದಿನದಲ್ಲಿ ರೂಢಿಯಾಗುತ್ತದೆ. ಇದು ಹೊಸ ದೂರೂ ಅಲ್ಲ. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಬರೆದು, ಜಾಹೀರಾತಿನಲ್ಲಿ ಹೇಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂದು ಎಚ್ಚರಿಸಿತ್ತು. ದಯವಿಟ್ಟು ಕೊಳ್ಳಬೇಡಿ.

ನೈಲಾನ್ ಬಲೆಯ ವಿಷಯ ಹೇಳಲು ನನಗೆ ಈಗಲೂ ಸಂಕಟವಾಗುತ್ತದೆ. 2022ರ ಜೂನ್‌ನಲ್ಲಿ ಸುಗಂಧರಾಜದ ಮಡಿಗೆ ನವಿಲು ಬಾರದಿರಲಿ ಅಂತ ಮೇಲೆ ನೈಲಾನ್ ಬಲೆ ಹಾಸಿದೆ. ಜುಲೈನ ಒಂದು ಜಿಟಿಜಿಟಿ ಮಳೆಯ ಬೆಳಿಗ್ಗೆ ನೋಡಿದರೆ, ಬಲೆಯಲ್ಲಿ ಆರಡಿ ಉದ್ದದ ಕೇರೆ ಹಾವು ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ಮೈಗೆ ಬಿಗಿದಿತ್ತು. ಕುತ್ತಿಗೆಯ ಹತ್ತಿರ ರಕ್ತ. ಹಾವು ಹಿಡಿಯುವ ಹುಡುಗ ಬಂದು, ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದ. ಅರ್ಧ ಗಂಟೆ ಹಿಡಿಯಿತು. ನಾನು ಛತ್ರಿ ಹಿಡಿದು ನಿಂತಿದ್ದೆ. "ಇದಕ್ಕ ವಿಷ ಇಲ್ರಿ ಅಕ್ಕಾರ. ಇದು ಇಲಿ ತಿಂತದ. ನಿಮ್ಮ ಕೆಲಸಾ ಮಾಡಾಕ ಬಂದಿತ್ತು" ಅಂದ. ಅರಿಶಿನ ಹಚ್ಚಿ ಹೊಲದ ಬದುವಿನಲ್ಲಿ ಬಿಟ್ಟ. ಹಾವು ಬದುಕಿತೋ ಇಲ್ಲವೋ ನೋಡುವವರು ಯಾರು? ಅವತ್ತೇ ಬಲೆ ಸುತ್ತಿ ಕಸದ ಗಾಡಿಗೆ ಹಾಕಿದೆ. ಮನೆ ಹತ್ತಿರ ಹೊಲ, ಗದ್ದೆ, ಹುಲ್ಲು ಇರುವವರು ನೆಲಕ್ಕೆ ಹತ್ತಿಕೊಂಡಂತೆ ನೈಲಾನ್ ಬಲೆ ಹಾಸಲೇಬೇಡಿ. ಕಬ್ಬಿಣದ ಅರ್ಧ ಇಂಚಿನ ಜಾಲರಿಯ ಕಿಂಡಿಯಲ್ಲಿ ದೊಡ್ಡ ಹಾವಿನ ತಲೆಯೇ ತೂರುವುದಿಲ್ಲ. ಗಟ್ಟಿಯಾಗಿ ನಿಂತಿರುವುದರಿಂದ ಮೈಗೆ ಸುತ್ತಿಕೊಳ್ಳುವುದೂ ಇಲ್ಲ. ನಾನು ಕೊಟ್ಟ ಎಂಟು ಅಂಕದಲ್ಲಿ ಎರಡು ಇದಕ್ಕೇ.

ವಿಷ ಇಡು ಅಂತ ಹೇಳಿದವರು ಬಹಳ ಜನ. ನಾನು ಇಡಲಿಲ್ಲ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ನಿಂತು, ಕೆಲವು ದಿನ ತೂರಾಡುತ್ತಾ ಓಡಾಡುತ್ತದೆ. ಆ ದಿನಗಳಲ್ಲಿ ಅದನ್ನು ಬೆಕ್ಕೋ ಗೂಬೆಯೋ ಹಿಡಿದು ತಿಂದರೆ ವಿಷ ಅವಕ್ಕೂ ಸೇರುತ್ತದೆ. ನಮ್ಮ ಬೀದಿಯ ಹಳೇ ನೀರಿನ ಟ್ಯಾಂಕಿನಲ್ಲಿ ಒಂದು ಜೋಡಿ ಗೂಬೆ ಇವೆ. ರಾತ್ರಿ ಅವು ಹಾರುವುದನ್ನು ನೋಡುವುದಕ್ಕೇ ನಾನು ಮಾಳಿಗೆ ಹತ್ತುತ್ತೇನೆ.

ಇಷ್ಟಾದ ಮೇಲೆ ಜಾಲರಿ. ಮೊದಲ ಜಾಲರಿಯಲ್ಲೂ ತಪ್ಪಿದೆ. ಅದು ಆನ್‌ಲೈನ್‌ನಲ್ಲಿ ‘ಗಾರ್ಡನ್ ನೆಟ್’ ಅಂತ ಬಂದ, ಆರು ಮೂಲೆ ಕಿಂಡಿಯ ಕೋಳಿ ಜಾಲರಿ. ಕಿಂಡಿ ಒಂದು ಇಂಚು. ಅದೇ ಸುಗಂಧರಾಜದ ಮಡಿಯ ಕೆಳಗೆ ಹಾಕಿದ್ದೆ. ಒಂದು ಮಳೆಗಾಲ ಕಳೆದು ಸೆಪ್ಟೆಂಬರ್‌ನಲ್ಲಿ ಅಗೆದರೆ ತಂತಿ ಕೈಯಲ್ಲೇ ಮುರಿಯಿತು. ತುಕ್ಕು. ಒಂದು ಇಂಚಿನ ಕಿಂಡಿಯಲ್ಲಿ ಇಲಿ ಆರಾಮಾಗಿ ನುಸುಳುತ್ತದೆ, ಹೆಗ್ಗಣದ ಮರಿಯೂ ನುಸುಳುತ್ತದೆ.

ಆ ಮುರಿದ ತುಂಡನ್ನೇ ಚೀಲದಲ್ಲಿ ಹಾಕಿಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಗೋಕುಲ ರೋಡಿನಲ್ಲಿ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಅಂಗಡಿಯ ಯಜಮಾನರು ವಯಸ್ಸಾದವರು. ತುಂಡನ್ನು ಬೆರಳಿನಲ್ಲಿ ಮುರಿದು ನೋಡಿದರು.

"ಅಕ್ಕಾರ, ಇದನ್ನ ಮಾಡಿದ್ದು ಕೋಳಿ ಹೊರಗ ಹೋಗಬಾರದು ಅಂತ. ಇಲಿ ಒಳಗ ಬರಬಾರದು ಅಂತ ಅಲ್ರಿ."

ಆಮೇಲೆ ಸ್ಟೂಲ್ ಹಾಕಿ ಕೂರಿಸಿ ಅರ್ಧ ಗಂಟೆ ಪಾಠ ಮಾಡಿದರು. ಹೇಳಿದ್ದು ಮೂರು ವಿಷಯ. ನನ್ನ ನೋಟ್‌ಬುಕ್‌ನಲ್ಲಿ ಹಾಗೇ ಇವೆ. ಕಿಂಡಿ ಅರ್ಧ ಇಂಚು ಇರಬೇಕು. ಚಿಕ್ಕ ಇಲಿಮರಿ ಜಾಸ್ತಿ ಇದ್ದರೆ ಕಾಲು ಇಂಚು, ಆದರೆ ಅದು ದುಬಾರಿ. ತಂತಿಯ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಇಲ್ಲಿ ನನ್ನಂಥ ಲೆಕ್ಕದವರೂ ಮೋಸ ಹೋಗುತ್ತಾರೆ, ಯಾಕೆಂದರೆ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. 24 ಗೇಜಿಗಿಂತ 19 ಗೇಜ್ ದಪ್ಪ, ಸುಮಾರು ಒಂದು ಮಿಲಿಮೀಟರ್. ಮೂರನೆಯದು ನನಗೆ ಯಾರೂ ಹೇಳಿರದ ಮಾತು. ವೆಲ್ಡ್ ಮಾಡಿದ ಮೇಲೆ ಸತುವಿನ ಲೇಪ ಕೊಟ್ಟ ಜಾಲರಿಯನ್ನು ಕೇಳಿ ತಗೊಳ್ಳಬೇಕು. ಲೇಪ ಕೊಟ್ಟ ತಂತಿಯನ್ನು ತಂದು ವೆಲ್ಡ್ ಮಾಡಿದರೆ, ಬೆಸುಗೆಯ ಶಾಖಕ್ಕೆ ಆ ಕೂಡುಜಾಗದಲ್ಲಿ ಸತು ಸುಟ್ಟುಹೋಗುತ್ತದೆ. ತುಕ್ಕು ಅಲ್ಲಿಂದಲೇ ಶುರು. ಎರಡೂ ಬಗೆಯನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದರಲ್ಲಿ ಪ್ರತಿ ಕೂಡುಜಾಗದಲ್ಲೂ ಸಣ್ಣ ಕಪ್ಪು ಚುಕ್ಕೆ. ಇನ್ನೊಂದರಲ್ಲಿ ಸತು ತುಂಬಿಕೊಂಡು ಬೆಳ್ಳಗೆ ಉಬ್ಬಿತ್ತು. ಅಂಗಡಿಯಲ್ಲಿ ಬರಿಗಣ್ಣಿಗೇ ಕಾಣುತ್ತದೆ, ನೋಡಿ ಕೊಳ್ಳಿ.

ಜಾಲರಿಯ ಅಗಲ 3 ಅಡಿ. ಮೊದಲ ಸಲ 10 ಅಡಿ ತಗೊಂಡೆ, ಅಡಿಗೆ 75 ರೂಪಾಯಿ. ಮುಂದಿನ ವರ್ಷ ಅದೇ ಅಂಗಡಿಯಲ್ಲಿ 15 ಅಡಿ, ಅಡಿಗೆ 82. ಒಟ್ಟು 1,980 ರೂಪಾಯಿ. ಮೊದಲು ಹೋದ 43 ಗೆಡ್ಡೆ, ಎರಡು ಗೂಟ, ನೈಲಾನ್ ಬಲೆ, ಕೋಳಿ ಜಾಲರಿ ಎಲ್ಲ ಕೂಡಿಸಿದರೆ ಇದಕ್ಕಿಂತ ಜಾಸ್ತಿಯೇ ಆಗಿತ್ತು.

ಗೆಡ್ಡೆ ನೆಡಲು ಜಾಲರಿಯ ಪೆಟ್ಟಿಗೆ ಮಾಡುವುದು ಮನೆಯಲ್ಲೇ ಆಗುತ್ತದೆ. 36 ಇಂಚು ಅಗಲದಲ್ಲಿ ಎರಡೂ ಬದಿ 9 ಇಂಚು ಮೇಲಕ್ಕೆ ಮಡಚಿದರೆ ತಳಕ್ಕೆ 18 ಇಂಚು ಉಳಿಯುತ್ತದೆ. ಆರಡಿ ಉದ್ದದ ಮಡಿಗೆ ಏಳೂವರೆ ಅಡಿ ಕತ್ತರಿಸಬೇಕು, ಯಾಕೆಂದರೆ ಎರಡು ತುದಿಯನ್ನೂ 9 ಇಂಚು ಮಡಚಬೇಕು. ಮಡಚಲು ಹಳೇ ಮಂಚದ ಪಟ್ಟಿಯ ಅಂಚು ಸಾಕಾಯಿತು. ಮೇಲೆ ನಿಂತು ತುಳಿದರೆ ನೇರವಾಗಿ ಬಾಗುತ್ತದೆ. ನಾಲ್ಕು ಮೂಲೆಗೆ ಬೈಂಡಿಂಗ್ ವೈರ್. ಕತ್ತರಿಸುವಾಗ ದಪ್ಪ ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ ತಂತಿಯ ತುದಿ ಸೂಜಿಯ ಹಾಗಿರುತ್ತದೆ. ನನಗೆ ಅಂಗೈಗೆ ಚುಚ್ಚಿ ಟಿಟಿ ಇಂಜೆಕ್ಷನ್ ಆಯಿತು. ಇದಕ್ಕೆ ಅರ್ಧ ಅಂಕ ಕಳೆದಿದ್ದೇನೆ. ಅಂಗಡಿಯವರು ಅಂಚು ಮಡಚಿದ ತುಂಡು ಮಾರಿದರೆ ವಯಸ್ಸಾದವರಿಗೆ ಎಷ್ಟೋ ಅನುಕೂಲ.

ಮಡಿಯನ್ನು ಅಗೆದು ಪೆಟ್ಟಿಗೆ ಇಳಿಸಿ, ಮೂರು ಇಂಚು ಮಣ್ಣು ಹಾಕಿ, ಮೇಲೆ ಗೆಡ್ಡೆ ಇಟ್ಟು, ಮತ್ತೆ ನಾಲ್ಕು ಇಂಚು ಮಣ್ಣು. ಸಾಲಿಗೆ 10ರಂತೆ ಮೂರು ಸಾಲು, 30 ಗೆಡ್ಡೆ. ಬೇರುಗಳು ಕಿಂಡಿಯಿಂದ ಕೆಳಗೆ ಇಳಿಯುತ್ತವೆ, ಅದಕ್ಕೇನೂ ಅಡ್ಡಿಯಿಲ್ಲ. ನೀರೂ ನಿಲ್ಲುವುದಿಲ್ಲ.

ಈಗ ಫಲಿತಾಂಶ. 2022ರ ಅಕ್ಟೋಬರ್‌ನಲ್ಲಿ ಒಂದು ಪರೀಕ್ಷೆ ಮಾಡಿದೆ. 30 ಗೆಡ್ಡೆ ಜಾಲರಿಯ ಪೆಟ್ಟಿಗೆಯಲ್ಲಿ, 30 ಪಕ್ಕದಲ್ಲೇ ಬಯಲಿನಲ್ಲಿ, ಖಾರದ ಪುಡಿ ಮತ್ತು ಶಬ್ದದ ಗೂಟದ ಜೊತೆ. ಬಯಲಿನಲ್ಲಿ 19 ಹೋದವು. ಪೆಟ್ಟಿಗೆಯಲ್ಲಿ ಹೋದದ್ದು 3. ಆ ಮೂರೂ ಯಾಕೆ ಹೋದವು ಅಂದರೆ, ಪೆಟ್ಟಿಗೆಯ ಅಂಚನ್ನು ನೆಲಕ್ಕೆ ಸಮ ಮಾಡಿ ಮುಚ್ಚಿಬಿಟ್ಟಿದ್ದೆ. ಕೆಳಗೆ ದಾರಿ ಸಿಗದ ಹೆಗ್ಗಣ ಗೋಡೆಗುಂಟ ಮೇಲೆ ಬಂದು, ಅಂಚು ದಾಟಿ ಇಳಿದಿತ್ತು. ಮುಂದಿನ ವರ್ಷ ಅಂಚು ನೆಲದಿಂದ ಎರಡು ಇಂಚು ಮೇಲೆ ಇಟ್ಟೆ, ಮೇಲೊಂದು ಮುಚ್ಚಳವೂ ಹಾಕಿದೆ. 2023ರಲ್ಲಿ ಎರಡು ಪೆಟ್ಟಿಗೆ, 60 ಗೆಡ್ಡೆ. ಪ್ರಾಣಿ ತಿಂದದ್ದು ಸೊನ್ನೆ. ಎರಡು ಕೊಳೆತವು, ಅದು ನೀರು ಜಾಸ್ತಿಯಾಗಿ. 2024ರಲ್ಲೂ 60. ಒಂದು ಮೂಲೆಯ ಬೈಂಡಿಂಗ್ ವೈರ್ ಬಿಚ್ಚಿಕೊಂಡು ಎರಡು ಬೆರಳು ಸಂದು ಆಗಿತ್ತು. ಅಷ್ಟರಲ್ಲೇ ಬಂದು ಎರಡು ತಿಂದಿತ್ತು.

ಮೂರು ಸೀಸನ್ ಕೂಡಿಸಿ: ಜಾಲರಿಯಲ್ಲಿ ನೆಟ್ಟದ್ದು 150, ಪ್ರಾಣಿಗೆ ಹೋದದ್ದು 5. ಬಯಲಿನಲ್ಲಿ, 2021ರ 60 ಸೇರಿಸಿ, ನೆಟ್ಟದ್ದು 90, ಹೋದದ್ದು 62. ಅಂದರೆ ಬಯಲಿನಲ್ಲಿ ನೂರಕ್ಕೆ 69, ಜಾಲರಿಯಲ್ಲಿ ನೂರಕ್ಕೆ 3 ಚಿಲ್ಲರೆ. ಒಂದೇ ಮನೆಯ ಲೆಕ್ಕ ಇದು, ಎಲ್ಲ ಕಡೆ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ಎರಡೂ ಮಡಿಗೆ ಒಂದೇ ಮಣ್ಣು, ಬರುವುದೂ ಅದೇ ಹೆಗ್ಗಣ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಗ್ಲಾಡಿಯೋಲಸ್ ಗೆಡ್ಡೆಯನ್ನು ಎಲೆ ಹಳದಿಯಾದ ಮೇಲೆ ಕಿತ್ತು, ಒಣಗಿಸಿ, ಮುಂದಿನ ವರ್ಷಕ್ಕೆ ಇಡಬೇಕು. ಮೊದಲು ಸಲಿಕೆ ತಗುಲಿ ಎಷ್ಟೋ ಗೆಡ್ಡೆ ಸೀಳುತ್ತಿದ್ದವು. ಈಗ ತಳ ಎಲ್ಲಿದೆ ಅಂತ ಗೊತ್ತು. ಕೈಯಲ್ಲೇ ಮಣ್ಣು ಸರಿಸುತ್ತೇನೆ. ಬಟಾಣಿ ಗಾತ್ರದ ಮರಿಗೆಡ್ಡೆಗಳೂ ಒಂದೂ ತಪ್ಪದೆ ಸಿಗುತ್ತವೆ.

ಇನ್ನು ಕಳೆದ ಅಂಕಗಳು. ಮುಚ್ಚಳದ ಕಡೆ ಗಮನ ಬೇಕೇ ಬೇಕು. 2023ರ ನವೆಂಬರ್‌ನಲ್ಲಿ ಐದು ದಿನ ಮದುವೆಗೆ ಅಂತ ಗದಗಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಮೊಳಕೆಗಳು ಮುಚ್ಚಳದ ಕಿಂಡಿಯಲ್ಲಿ ತೂರಿ ಮೇಲೆ ಬಂದಿದ್ದವು. ಎಲೆ ಅಗಲವಾಗಿ ತಂತಿಗೆ ಕಚ್ಚಿಕೊಂಡಿದ್ದವು. ಮುಚ್ಚಳ ಎತ್ತಿದರೆ ಗಿಡ ಬರುತ್ತದೆ. ಒಂದೊಂದೇ ತಂತಿ ಕತ್ತರಿಸಬೇಕಾಯಿತು, ಏಳು ಗಿಡದ ತುದಿ ಮುರಿಯಿತು. ಮೊಳಕೆ ಎರಡು ಇಂಚು ಬಂದ ದಿನವೇ ಮುಚ್ಚಳ ತೆಗೆಯಿರಿ. ಇಲ್ಲವಾದರೆ ಮುಚ್ಚಳವನ್ನು ಇಟ್ಟಿಗೆ ಮೇಲೆ ಎತ್ತರಕ್ಕೆ ಇಡಿ.

ಸುಗಂಧರಾಜಕ್ಕೆ ಈ ಪೆಟ್ಟಿಗೆ ಅಷ್ಟು ಹೊಂದುವುದಿಲ್ಲ. ನನ್ನ ಹತ್ತಿರ ಇರುವುದು ‘ಪ್ರಜ್ವಲ್’ ತಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆಯವರಿಗೆ ಅದರ ಎರಡು ಕಡ್ಡಿ ದೇವರ ಮುಂದೆ ಬೇಕೇ ಬೇಕು. ಅದನ್ನು ವರ್ಷ ವರ್ಷ ಕೀಳುವುದಿಲ್ಲ, ಮೂರು ವರ್ಷ ಒಂದೇ ಕಡೆ ಬಿಡುತ್ತೇವೆ. ಗೆಡ್ಡೆ ಮರಿ ಹಾಕಿ ಹಾಕಿ ಗುಂಪು ದೊಡ್ಡದಾಗುತ್ತದೆ, ಬದಿಯ ಜಾಲರಿಯನ್ನು ಹೊರಕ್ಕೆ ದಬ್ಬುತ್ತದೆ. ಅದಕ್ಕೆ ಈಗ ತಳಕ್ಕೆ ಮತ್ತು ಮಡಿಯ ಹೊರ ಅಂಚಿಗೆ ಮಾತ್ರ ಹಾಕಿದ್ದೇನೆ, ಒಳಗೆ ಜಾಗ ದೊಡ್ಡದು ಬಿಟ್ಟು. ಗದಗ ಹತ್ತಿರ ನನ್ನ ತಮ್ಮನ ಹೊಲ ಎರೆಮಣ್ಣು. ಬೇಸಿಗೆಯಲ್ಲಿ ಅಲ್ಲಿ ನೆಲ ಬಿರಿದು, ಪೆಟ್ಟಿಗೆಯ ಬದಿಗಳು ಸೊಟ್ಟಗಾಗಿ, ಮೂಲೆ ಬಿಚ್ಚಿಕೊಂಡವು. ಎರೆಭೂಮಿಯವರು ಮೂಲೆಗೆ ಬೈಂಡಿಂಗ್ ವೈರ್ ಬದಲು ವೆಲ್ಡಿಂಗ್ ಮಾಡಿಸಿ, ಬೆಸುಗೆಗೆ ಜಿಂಕ್ ಪೇಂಟ್ ಹೊಡೆಸುವುದು ಒಳ್ಳೆಯದು. ನಮ್ಮ ಕೆಲಗೇರಿ ಕಡೆಯ ಕೆಮ್ಮಣ್ಣಿನಲ್ಲಿ ಆ ತೊಂದರೆ ಬಂದಿಲ್ಲ. ಮೊದಲ ಪೆಟ್ಟಿಗೆಯ ಕತ್ತರಿಸಿದ ಅಂಚುಗಳಲ್ಲಿ ಮಾತ್ರ ತುಕ್ಕು ಕಾಣುತ್ತಿದೆ. ತಳ ಗಟ್ಟಿ ಇದೆ.

ಮಂಗಕ್ಕೆ ಈ ಜಾಲರಿಯಿಂದ ಏನೂ ಆಗುವುದಿಲ್ಲ. ಕೆಳಗೆ ಎಷ್ಟು ಕಾದರೂ ಮೇಲೆ ಹೂವಿನ ದಂಟು ಬಂದಾಗ ಅವು ಬಂದು ಲಟಕ್ಕನೆ ಮುರಿಯುತ್ತವೆ. "ಮಂಗ್ಯಾ ಬಂದಾವ, ಕೋಲ್ ತಗೊಂಬಾ" ಅಂತ ಅತ್ತೆ ಕೂಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದಕ್ಕೆ ಹೂ ಬೆಳೆಗಾರರ ರೂಢಿಯೇ ನನಗೆ ದಾರಿಯಾಯಿತು. ಗ್ಲಾಡಿಯೋಲಸ್ ದಂಟನ್ನು ಕೊಯ್ಯುವುದು ಪೂರ್ತಿ ಅರಳಿದ ಮೇಲೆ ಅಲ್ಲ, ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ. ಆಗ ಕೊಯ್ದು ನೀರಲ್ಲಿಟ್ಟರೆ ಉಳಿದವು ಮನೆಯೊಳಗೆ ಒಂದೊಂದಾಗಿ ಅರಳುತ್ತವೆ. ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆ ಬಿಡಬೇಕು, ಗೆಡ್ಡೆ ಬಲಿಯುವುದಕ್ಕೆ. ಮಡಿಯಲ್ಲಿ ಹೂ ನೋಡುವ ಸುಖ ಕಡಿಮೆಯಾಯಿತು ನಿಜ. ಹೂಜಿ ತುಂಬ ಹೂ ಮೂರ್ನಾಲ್ಕು ಮನೆಗೆ ಹೋಗುತ್ತದೆ. ಈ ಸಲ ಎದುರು ಮನೆಯ ಬಾಣಂತಿಗೂ ಕೊಟ್ಟೆ.

ಟ್ಯೂಲಿಪ್ ಬಗ್ಗೆ ಕೇಳುವವರು ಇರುತ್ತಾರೆ. 2023ರ ನವೆಂಬರ್‌ನಲ್ಲಿ ತಂಗಿಯ ಮಗಳು ದೆಹಲಿಯಿಂದ 10 ಗೆಡ್ಡೆ ತಂದುಕೊಟ್ಟಳು. ಅಲ್ಲಿ ಚಳಿಗಾಲ ಮುಗಿಯುವಾಗ ಶಾಂತಿಪಥದ ಉದ್ದಕ್ಕೂ ಟ್ಯೂಲಿಪ್ ಅರಳಿಸುತ್ತಾರೆ. ಅದಕ್ಕೆ ತಣ್ಣನೆಯ ಚಳಿಗಾಲ ಬೇಕು, ನಮ್ಮ ಧಾರವಾಡದ ಚಳಿ ಸಾಲದು. 12 ವಾರ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಇಟ್ಟೆ. ಜೊತೆಗೆ ಬಾಳೆಹಣ್ಣು, ಸೇಬು ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಫೆಬ್ರವರಿ ಮೊದಲ ವಾರ ಕುಂಡಕ್ಕೆ ಹಾಕಿದೆ. ಮಧ್ಯಾಹ್ನದೊಳಗೆ ಅಳಿಲು ಎರಡನ್ನು ತೋಡಿ ತೆಗೆದು, ತುಳಸಿಕಟ್ಟೆ ಮೇಲೆ ಕೂತು ತಿಂದಿತು. ಟ್ಯೂಲಿಪ್ ಗೆಡ್ಡೆಯಲ್ಲಿ ಹಿಟ್ಟಿನಂಶ ಜಾಸ್ತಿ. 1944-45ರ ಚಳಿಗಾಲದಲ್ಲಿ, ಯುದ್ಧದ ಬರಗಾಲದಲ್ಲಿ, ನೆದರ್‌ಲ್ಯಾಂಡ್ಸ್‌ನ ಜನ ಅದನ್ನೇ ಬೇಯಿಸಿ ತಿಂದು ಜೀವ ಉಳಿಸಿಕೊಂಡರು. ಮನುಷ್ಯರೇ ತಿಂದದ್ದನ್ನು ಅಳಿಲು ಬಿಡುತ್ತದೆಯೇ? ಜಾಲರಿಯ ತುಂಡನ್ನು ದುಂಡಗೆ ಕತ್ತರಿಸಿ, ಕುಂಡದ ಬಾಯಿಗೆ ಹಾಕಿ, ಮೇಲೆ ನಾಲ್ಕು ಕಲ್ಲು ಇಟ್ಟೆ. ಉಳಿದ ಎಂಟೂ ಮೊಳೆತವು. ಐದು ಹೂ ಬಿಟ್ಟವು, ದಂಟು ಗಿಡ್ಡ. ನಮ್ಮ ಬಿಸಿಲಿಗೆ ನಾಲ್ಕೇ ದಿನ ಇದ್ದವು. ಮುಂದಿನ ವರ್ಷ ಮತ್ತೆ ಬರಲಿಲ್ಲ. ಮೊಮ್ಮಗಳಿಗೆ ಒಂದು ಸಲ ತೋರಿಸಿದ ಸಂತೋಷ ಉಳಿಯಿತು, ಅಷ್ಟಕ್ಕಾದರೆ ಮಾಡಿ.

ಜಾಲರಿ ಹಾಕುವ ಕಷ್ಟವೇ ಬೇಡ ಅನ್ನುವವರಿಗೂ ಗೆಡ್ಡೆ ಹೂಗಳಿವೆ. ಯುಗಾದಿ ಆಸುಪಾಸು ದೊಡ್ಡ ಕೆಂಪು ಕಹಳೆ ಬಿಡುವ, ನಾವು ಅಮರಿಲ್ಲಿಸ್ ಅನ್ನುವ ಲಿಲಿ. ಮೊದಲ ಅಡ್ಡಮಳೆಗೆ ಕೆಂಪು ಚೆಂಡಿನ ಹಾಗೆ ಅರಳುವ ಫುಟ್‌ಬಾಲ್ ಲಿಲಿ. ಮಳೆ ಲಿಲಿ. ಇವೆಲ್ಲ ಒಂದೇ ಕುಟುಂಬದವು. ತಣ್ಣನೆಯ ದೇಶಗಳ ಡ್ಯಾಫೊಡಿಲ್ ಕೂಡ ಇದೇ ಕುಟುಂಬ. ಇವುಗಳ ಗೆಡ್ಡೆಯಲ್ಲಿ ಲೈಕೋರಿನ್ ಅನ್ನುವ ಕಹಿ ವಿಷದ ಅಂಶ ಇದೆ, ತಿಂದರೆ ವಾಂತಿಯಾಗುತ್ತದೆ. ಅದಕ್ಕೇ ಅಲ್ಲಿನ ಜನ ಟ್ಯೂಲಿಪ್ ತಿನ್ನುವ ಪ್ರಾಣಿಗಳಿರುವ ಕಡೆ ಡ್ಯಾಫೊಡಿಲ್ ನೆಡುತ್ತಾರೆ. ನಮ್ಮ ಹಿತ್ತಲಿನಲ್ಲಿ ಇವಕ್ಕೆ ಯಾವ ಬೇಲಿಯೂ ಇಲ್ಲ, ನಾಲ್ಕು ವರ್ಷದಲ್ಲಿ ಒಂದು ಗೆಡ್ಡೆಯೂ ಹೋಗಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು, ನಾಯಿಮರಿ ಇದ್ದರೆ ಗೆಡ್ಡೆ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ. ಗ್ಲಾಡಿಯೋಲಸ್ ಮಡಿಯ ಸುತ್ತ ಮಳೆ ಲಿಲಿ ಸಾಲು ನೆಟ್ಟರೆ ಹೆಗ್ಗಣ ಬರುವುದಿಲ್ಲವೇನೋ ಅಂತಲೂ ಮಾಡಿ ನೋಡಿದೆ. ಅದು ಸಾಲಿನ ಕೆಳಗಿಂದ ಬಿಲ ತೋಡಿ ಬಂತು.

ಕೊಳ್ಳುವವರಿಗೆ ಇಷ್ಟು ಹೇಳಬೇಕು. ಇಡೀ ಸುರುಳಿ ತಗೊಂಡರೆ ಅಗ್ಗ ಅನ್ನುತ್ತಾರೆ, ಒಂದು ಮನೆಗೆ ಅದು ಬೇಕಾಗುವುದಿಲ್ಲ. ಅಡಿಗಿಷ್ಟು ಅಂತ ಕತ್ತರಿಸಿ ಕೊಡುವ ಅಂಗಡಿ ಹುಡುಕಿ. ಗೋಕುಲ ರೋಡಿನ ಆ ಹಿರಿಯರು ಎರಡನೇ ಸಲ ಹೋದಾಗ ನನ್ನ ನೋಟ್‌ಬುಕ್ ತೆಗೆಸಿ, 19ಕ್ಕೆ 3 ಅನ್ನುವ ಪುಟವನ್ನು ಎರಡು ಸಲ ಓದಿದರು. ಅಳತೆಗಿಂತ ನಾಲ್ಕು ಬೆರಳು ಜಾಸ್ತಿಯೇ ಬಿಟ್ಟು ಕತ್ತರಿಸಿ ಕೊಟ್ಟರು. ಸುರುಳಿಯ ಚೂಪು ತುದಿಗೆ ಗೋಣಿಚೀಲ ಸುತ್ತಿ, ಹಗ್ಗ ಕಟ್ಟಿ, ತಮ್ಮನ ಕಾರಿನವರೆಗೂ ಹೊತ್ತು ತಂದರು.

ಎರಡು ಸಲ ತಂದದ್ದರಲ್ಲಿ ಪೆಟ್ಟಿಗೆ, ಮುಚ್ಚಳ, ಕುಂಡದ ತುಂಡುಗಳೆಲ್ಲ ಹೋಗಿ ಇನ್ನೂ ಮೂರಡಿ ಉಳಿದಿದೆ. ಪಕ್ಕದ ಮನೆಯವರು ಡೇಲಿಯಾ ಗೆಡ್ಡೆಗೆ ಬೇಕು ಅಂದಿದ್ದಾರೆ. ಶನಿವಾರ ಬಂದು ಒಯ್ಯುತ್ತಾರೆ. ಕೈಗವಸನ್ನೂ ಜೊತೆಗೇ ಕೊಟ್ಟು ಕಳಿಸುತ್ತೇನೆ.